ಬಾಗಿಲಿಗೆ ಬರುತ್ತಿದ್ದ ಕಚೇರಿ

ಸ್ಥಳೀಯ ಸಂಸ್ಥೆಯ ನೌಕರರಾದ ನಾವು ಕೆಲಸಕ್ಕೆ ಸೇರಿದ ವಾರದೊಳಗೆ ಕಲಿಯುವ ಮೊದಲ ಮಾತು 'ನಾಳೆ ಬನ್ನಿ' ಎಂಬುದು. ಮೂವತ್ತೊಂದು ವರ್ಷಗಳ ಸೇವೆಯಲ್ಲಿ ಆ ಮಾತನ್ನು ಒಮ್ಮೆಯೂ ಆಡದೆ, ಈ ತಿಂಗಳು ಶಾಖಾ ಕಚೇರಿಯ ಗುಮಾಸ್ತೆ ಹುದ್ದೆಯಿಂದ ನಿವೃತ್ತರಾಗುತ್ತಿರುವ ಹಿರಿಯರನ್ನು ಊರಿಗೆ ಊರೇ 'ಚೀಲದಕ್ಕ' ಎಂದು ಕರೆಯುತ್ತದೆ. ನಮ್ಮ ಇಲಾಖೆಯಲ್ಲಿ ಅವರಿಗಿಂತ ದೊಡ್ಡ ಕುರ್ಚಿಯಲ್ಲಿ ಕೂತವರು ಬಹಳ ಮಂದಿ ಇದ್ದಾರೆ. ಅವರಷ್ಟು ಕಡಿಮೆ ಕೂತವರು ಇನ್ನೊಬ್ಬರಿಲ್ಲ.

ನಾನು ಕೆಲಸ ಕಲಿತದ್ದು ಅವರ ಕೈಕೆಳಗೆ. ಒಂದೇ ಕೋಣೆ, ಎರಡು ಮೇಜು, ಮೊಣಕಾಲಿನಿಂದ ಒತ್ತಿದರಷ್ಟೇ ಮುಚ್ಚುವ ಬೀರು. ಹಿಂಬದಿಯ ಜಗಲಿಯಲ್ಲಿ ಪ್ರತಿ ಮಂಗಳವಾರ ದಾದಿಯೊಬ್ಬರು ಬಂದು ಕೂರುತ್ತಿದ್ದರು. ಊರಿನ ಬಹುಪಾಲು ಜನ ಗಿರಣಿಯಲ್ಲೋ ಇಟ್ಟಿಗೆ ಗೂಡಿನಲ್ಲೋ ದುಡಿಯುವವರಾದ್ದರಿಂದ, ಕಚೇರಿ ತೆರೆದಿರುವಾಗ ಅವರಿಗೆ ಬಿಡುವಿಲ್ಲ, ಅವರಿಗೆ ಬಿಡುವಾದಾಗ ಕಚೇರಿಗೆ ಬೀಗ. ಇದನ್ನು ಕಂಡ ಅಕ್ಕ ಸಂಜೆ ಮುದ್ರೆ, ಶಾಯಿ, ನಮೂನೆಗಳನ್ನು ಬಟ್ಟೆಚೀಲಕ್ಕೆ ತುಂಬಿಕೊಂಡು ಬೀದಿ ಬೀದಿ ಸುತ್ತುತ್ತಿದ್ದರು. ನಾನು ಬರೆದ ಮೊದಲ ಜನನ ಪತ್ರದಲ್ಲಿ ಮಗು ತಂದೆಗಿಂತ ಎರಡು ವರ್ಷ ದೊಡ್ಡದಾಗಿತ್ತು. ಅಕ್ಕ ಬೈಯಲಿಲ್ಲ, ಹೊಸ ಪತ್ರವನ್ನು ತಾವೇ ಬರೆದು, ನನ್ನನ್ನೂ ಆ ಮನೆಗೆ ಕರೆದೊಯ್ದು ಕ್ಷಮೆ ಕೇಳಿಸಿದರು.

ಆಮೇಲೆ ನಾನು ಬಡ್ತಿ ಪಡೆದು ಮುಖ್ಯ ಕಚೇರಿ ಸೇರಿದೆ. ಮೂರು ವರ್ಷಗಳ ಹಿಂದೆ ಖರ್ಚು ಕಡಿತದ ಆದೇಶ ಬಂತು: ದಿನಕ್ಕೆ ಹತ್ತಕ್ಕಿಂತ ಕಡಿಮೆ ಜನ ಬರುವ ಶಾಖೆಗಳನ್ನು ಮುಚ್ಚುವುದು. ಅಕ್ಕನ ಶಾಖೆಯ ಭೇಟಿ ಪುಸ್ತಕದ ಲೆಕ್ಕ ನನ್ನ ಮೇಜಿಗೇ ಬಂತು. ದಿನಕ್ಕೆ ನಾಲ್ಕು ಜನ. 'ಮುಚ್ಚಬಹುದು' ಎಂದು ಷರಾ ಬರೆದೆ. ಮನೆ ಬಾಗಿಲಲ್ಲಿ ಮಾಡಿದ ಕೆಲಸವನ್ನು ಅಕ್ಕ ಆ ಪುಸ್ತಕಕ್ಕೆ ಸೇರಿಸುವುದಿಲ್ಲವೆಂದು ಮುಖ್ಯ ಕಚೇರಿಯಲ್ಲಿ ಗೊತ್ತಿದ್ದವನು ನಾನೊಬ್ಬನೇ; ಆದರೂ ಅಂಕಿ ನೋಡಿದೆ, ಅಕ್ಕನನ್ನು ನೆನೆಯಲಿಲ್ಲ. ಶಾಖೆ ಹೋದರೆ ದಾದಿಯೂ ಹೋಗುತ್ತಿದ್ದರು, ಒಂದು ಸಹಿಗಾಗಿ ಜನ ಹನ್ನೆರಡು ಕಿಲೋಮೀಟರ್ ದೂರದ ಪೇಟೆಗೆ ಅಲೆಯಬೇಕಾಗುತ್ತಿತ್ತು.

ಊರಿನವರು ಶಾಲೆಯ ಕೋಣೆಯಲ್ಲಿ ಸಭೆ ಸೇರಿದರು. ಗಿರಣಿಯ ಮೇಸ್ತ್ರಿ ಒಂದು ಉಪಾಯ ತೆಗೆದರಂತೆ: "ಪುಸ್ತಕದಲ್ಲಿ ಖಾಲಿ ಗೆರೆ ಬೇಕಾದಷ್ಟಿವೆಯಲ್ಲ ಅಕ್ಕ. ಹಳೇ ತಾರೀಕು ಹಾಕಿ ನಾವೆಲ್ಲ ಸಹಿ ಮಾಡಿಬಿಡ್ತೀವಿ. ಯಾರಿಗೆ ಗೊತ್ತಾಗುತ್ತೆ?"

"ನನಗೆ ಗೊತ್ತಾಗುತ್ತಲ್ಲ," ಎಂದರಂತೆ ಅಕ್ಕ. "ಬರದೇ ಇದ್ದೋರನ್ನ ಬಂದ್ರು ಅಂತ ಬರೆದ್ರೆ, ನಾಳೆ ನಾನು ಹಾಕಿದ ಮುದ್ರೆನ ಯಾರು ನಂಬ್ತಾರೆ?"

ಕಚೇರಿ ಕೈಬಿಟ್ಟು ಹೋಗುವಾಗಲೂ ಇದೆಂಥ ಹಟವೆಂದು ಕೆಲವರು ಮುಖ ಗಂಟಿಕ್ಕಿದರು. ಆಗ ದರ್ಜಿಯ ಅತ್ತೆ ಎದ್ದು ನಿಂತರು. "ಪುಸ್ತಕದ ಮಾತು ಬಿಡ್ರಪ್ಪಾ. ಅಕ್ಕ ಕೊಟ್ಟ ಕಾಗದ ನಮ್ಮ ನಮ್ಮ ಟ್ರಂಕಲ್ಲಿ ಇದೆಯಲ್ಲ, ಅದನ್ನೇ ತಗೊಂಡು ಹೋಗೋಣ."

ಅಹವಾಲು ಕೇಳಲು ಹೋದವನು ನಾನೇ. ಘೋಷಣೆ, ಕೂಗಾಟ ಇರುತ್ತದೆಂದು ಎದೆ ಗಟ್ಟಿ ಮಾಡಿಕೊಂಡಿದ್ದೆ. ಇದ್ದದ್ದು ಒಂದು ಉದ್ದನೆಯ ಸಾಲು, ಎಲ್ಲರ ಕೈಯಲ್ಲೂ ಕಾಗದ. ಪ್ರತಿ ಮುದ್ರೆಯ ಕೆಳಗೂ ಅದನ್ನು ಎಲ್ಲಿ ಹಾಕಿದ್ದೆಂದು ಅಕ್ಕ ಸಣ್ಣಕ್ಷರದಲ್ಲಿ ಬರೆದಿದ್ದರು: 'ಗಿರಣಿಯ ಗೇಟಿನಲ್ಲಿ', 'ಹೊಲಿಗೆ ಯಂತ್ರದ ಮೇಲೆ', 'ಬಾಣಂತಿಯ ಹಾಸಿಗೆ ಪಕ್ಕ'. ಹೊರಗೆ ಹಾಕಿದ ಮುದ್ರೆಯನ್ನು ಕಚೇರಿಯಲ್ಲಿ ಹಾಕಿದ್ದೆಂದು ತೋರಿಸಲು ಅವರಿಗೆ ಮನಸ್ಸು ಬಂದಿರಲಿಲ್ಲ. ಎರಡು ದಿನ ಕೂತು ಎಣಿಸಿದೆ. ಆದೇಶಕ್ಕೆ ಹಿಂದಿನ ಒಂದು ವರ್ಷದವೇ ಎರಡು ಸಾವಿರದ ಮುನ್ನೂರು; ಪುಸ್ತಕದ ನಾಲ್ಕನ್ನೂ ಕೂಡಿದರೆ ದಿನಕ್ಕೆ ಹತ್ತು ದಾಟುತ್ತಿತ್ತು. ನನಗೆ ತಲೆ ಎತ್ತಲಾಗದಷ್ಟು ನಾಚಿಕೆಯಾಯಿತು.

ಮರಳಿ ಹೋಗಿ 'ಎಣಿಕೆ ತಪ್ಪು, ಶಾಖೆ ಬೇಕು' ಎಂದು ಬರೆದು ಸಹಿ ಮಾಡಿದೆ. ಶಾಖೆ ಉಳಿಯಿತು, ದಾದಿಯೂ ಉಳಿದರು. ಖರ್ಚು ಕಡಿತದಲ್ಲಿ ಶಾಖೆಯ ಜವಾನರ ಹುದ್ದೆ ಮಾತ್ರ ಹೋಯಿತು. ಕೋಣೆ ಗುಡಿಸುವ ಸರದಿಯನ್ನು ಅಂದಿನಿಂದ ಬೀದಿಯವರು ಹಂಚಿಕೊಂಡಿದ್ದಾರೆ, ಜವಾನರ ಕಾಲಕ್ಕಿಂತ ಈಗ ನೆಲ ಹೆಚ್ಚು ಚೊಕ್ಕವಾಗಿದೆ.

ಈ ಲೇಖನ ಬರೆಯಲು ಕೂರುವ ಮುನ್ನ ಅಕ್ಕನ ಮನೆಗೆ ಹೋಗಿ, ಮುಚ್ಚಬಹುದೆಂದು ಬರೆದವನು ನಾನೇ ಎಂದು ಒಪ್ಪಿಕೊಂಡೆ.

"ಗೊತ್ತಪ್ಪಾ. ನೋಟಿಸಿನ ಜೊತೆ ನಿನ್ನ ಷರಾನೂ ಬಂದಿತ್ತು. ನಿನಗೆ ಬರೆಯೋದು ಕಲಿಸಿದವಳಿಗೆ ನಿನ್ನ ಅಕ್ಷರ ಗುರುತು ಸಿಗಲ್ವಾ?"

"ಮತ್ತೆ ಊರವರಿಗೆ ಯಾಕೆ ಹೇಳ್ಲಿಲ್ಲ ಅಕ್ಕಾ?"

"ಹೇಳಿದ್ರೆ ಎರಡು ದಿನಾನೂ ನಿನ್ನ ಜೊತೆ ಜಗಳಾನೇ ಆಡ್ತಿದ್ರು. ಎಣಿಸೋರು ಯಾರು?"

ಮುದ್ರೆ ಇನ್ನು ಹೊಸ ಗುಮಾಸ್ತರ ಪಾಲು. ಅರ್ಜಿ ಬರೆದುಕೊಡಲು ಮುದ್ರೆ ಬೇಕಿಲ್ಲವಾದ್ದರಿಂದ ಸಂಜೆಯ ಸುತ್ತಾಟ ನಿಲ್ಲದೆಂದು ಅಕ್ಕ ಈಗಾಗಲೇ ಸಾರಿದ್ದಾರೆ. ಅವರ ಆಯಸ್ಸು ನೂರು ದಾಟಲಿ, ಕಣ್ಣು ಚುರುಕಾಗಿರಲಿ, ಕಾಲಿಗೆ ಬಲವಿರಲಿ. ಶನಿವಾರಗಳಂದು ಜೊತೆಗೆ ಬರುತ್ತೇನೆಂದು ಕೇಳಿಕೊಂಡಿದ್ದೇನೆ. ಸರಿಯಾಗಿ ಐದಕ್ಕೆ ಬರಬೇಕು, ತಡವಾದರೆ ಕಾಯುವುದಿಲ್ಲ ಎಂದಿದ್ದಾರೆ.