ಅಕ್ಕ ಓಡುವ ಹೊತ್ತು

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಸೂರ್ಯ ಹುಟ್ಟುವ ಮೊದಲು ಅಪ್ಪ ಏಳುತ್ತಿದ್ದರು. ಅಪ್ಪ ಎದ್ದರೆಂದರೆ ನಾನೂ ಅಕ್ಕನೂ ಏಳಲೇಬೇಕು. ಆಗಲೂ ನಾವು ಕೋಲ್ಕತ್ತಾದ ಇದೇ ಕಸ್ಬಾ ಬಡಾವಣೆಯಲ್ಲಿದ್ದೆವು. ಆದರೆ ಮಕ್ಕಳೇ, ನೀವು ನೋಡಿರುವ ಕಸ್ಬಾ ಅಲ್ಲ ಅದು. ಮಾಲ್ ಇರಲಿಲ್ಲ, ಲಿಫ್ಟ್ ಇರುವ ಕಟ್ಟಡ ಒಂದೂ ಇರಲಿಲ್ಲ. ಇಕ್ಕಟ್ಟಾದ ಓಣಿಗಳು, ಹಸಿರು ಕಿಟಕಿಗಳ ಹಳೆಯ ಮನೆಗಳು, ಅಲ್ಲಲ್ಲಿ ಒಂದೊಂದು ಪುಕುರ. ಬಂಗಾಳಿಯಲ್ಲಿ ಪುಕುರ ಎಂದರೆ ಚಿಕ್ಕ ಕೆರೆ. ನಮ್ಮ ಬಾಡಿಗೆ ಮನೆಯ ಹಿಂದೆಯೇ ಒಂದಿತ್ತು. ಅದರ ಸುತ್ತ ಮಣ್ಣಿನ ದಾರಿ, ಒಂದು ಕಡೆ ನೀರಿಗಿಳಿಯಲು ಕಲ್ಲಿನ ಮೆಟ್ಟಿಲು.

ಅಪ್ಪ ಧಾರವಾಡದ ಕಡೆಯವರು. ಹೌರಾದ ರೈಲ್ವೆ ಕಚೇರಿಗೆ ವರ್ಗವಾಗಿ ಬಂದಿದ್ದರು. ಹುಡುಗನಾಗಿದ್ದಾಗ ಗರಡಿ ಮನೆಗೆ ಹೋಗಿ ಮೈ ಹುರಿಮಾಡಿಕೊಂಡವರು. ವ್ಯಾಯಾಮಕ್ಕೆ ನಸುಕು ಬಿಟ್ಟರೆ ಬೇರೆ ಹೊತ್ತೇ ಇಲ್ಲ ಎಂದು ಅವರು ಗಟ್ಟಿಯಾಗಿ ನಂಬಿದ್ದರು. ಕತ್ತಲಿರುವಾಗಲೇ ನಮ್ಮ ಚಾದರ ಎಳೆದು, "ಏಳ್ರಿ, ಮುಂಜಾನೆ ಆತು" ಎನ್ನುತ್ತಿದ್ದರು. ಮೊದಲು ಅಂಗಳದಲ್ಲಿ ಬಸ್ಕಿ. ಆಮೇಲೆ ಪುಕುರದ ಸುತ್ತ ಓಟ.

ಬಸ್ಕಿ ಹೊಡೆಯುವಾಗ ನಾನು ಅರ್ಧ ನಿದ್ದೆಯಲ್ಲೇ ಇರುತ್ತಿದ್ದೆ. ಅಕ್ಕ ಹಾಗಲ್ಲ. ಅವಳಿಗೆ ಓಡುವುದೆಂದರೆ ಪ್ರಾಣ. ಎರಡು ಜಡೆಗಳನ್ನು ಮೇಲಕ್ಕೆ ಕಟ್ಟಿಕೊಂಡು, ಫ್ರಾಕಿನ ಮೇಲೆ ಸ್ವೆಟರ್ ಹಾಕಿಕೊಂಡು ಅವಳು ಹೊರಟಳೆಂದರೆ ದಾರಿಯ ಬದಿಯ ಬಾತುಕೋಳಿಗಳು ಕೂಗುತ್ತ ನೀರಿಗೆ ಬೀಳುತ್ತಿದ್ದವು. ಶಾಲೆಯ ಕ್ರೀಡಾಕೂಟ ಚಳಿಗಾಲದ ಕೊನೆಗೆ. ಆ ವರ್ಷ ಓಟದಲ್ಲಿ ಅವಳ ಹೆಸರಿತ್ತು.

ಚಳಿ ಬಿದ್ದ ಮೇಲೆ ಅಕ್ಕನಿಗೆ ಕೆಮ್ಮು ಶುರುವಾಯಿತು. ಹಗಲೆಲ್ಲ ಚೆನ್ನಾಗಿಯೇ ಇರುತ್ತಿದ್ದಳು. ಬೆಳಿಗ್ಗೆ ಓಡಿ ಬಂದಾಗ ಮಾತ್ರ ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬರುತ್ತಿತ್ತು. ರಾತ್ರಿ ಮಲಗುವಾಗ ಅವಳ ಎದೆಯೊಳಗಿಂದ ಸಣ್ಣ ಸಿಳ್ಳೆಯಂಥ ಸದ್ದು. ಅವ್ವ ಎಣ್ಣೆ ಬಿಸಿ ಮಾಡಿ ಹಚ್ಚುತ್ತಿದ್ದಳು.

ಆ ಭಾನುವಾರ ಬೆಳಿಗ್ಗೆ ಬಾಗಿಲು ತೆಗೆದರೆ ಎದುರುಮನೆ ಕಾಣಲಿಲ್ಲ. ಅಷ್ಟು ದಟ್ಟ ಮಂಜು. ಆಗ ಮನೆಮನೆಗೂ ಕಲ್ಲಿದ್ದಲಿನ ಒಲೆ. ಕಬ್ಬಿಣದ ಬಕೆಟ್ಟಿನ ಒಳಗೆ ಮಣ್ಣು ಮೆತ್ತಿ ಮಾಡಿದ ಆ ಒಲೆಗೆ ಉನುನ್ ಎನ್ನುತ್ತಿದ್ದರು. ನಸುಕಿನಲ್ಲೇ ಅದನ್ನು ಓಣಿಗೆ ತಂದಿಟ್ಟು, ಬೆರಣಿ ಹಾಕಿ ಹೊತ್ತಿಸಿ, ಹೊಗೆಯೆಲ್ಲ ಹೋಗಿ ಕೆಂಡವಾದ ಮೇಲೆ ಅಡುಗೆಮನೆಗೆ ಒಯ್ಯುವುದು. ಚಳಿಗಾಲದಲ್ಲಿ ಆ ಹೊಗೆ ಮೇಲೇರುತ್ತಿರಲಿಲ್ಲ. ಮಂಜಿನ ಜೊತೆ ಬೆರೆತು ನೀರಿನ ಮೇಲೆ, ದಾರಿಯ ಮೇಲೆ ಕೊಳೆಯಾದ ಹತ್ತಿಯ ಹಾಗೆ ಕೂತುಬಿಡುತ್ತಿತ್ತು. ಮೂಗಿಗೆ ಘಾಟು, ನಾಲಿಗೆಗೆ ಕಹಿ.

"ಅಕಿಗೆ ಕೆಮ್ಮು ಅದ. ಇವತ್ತೊಂದಿನ ಬಿಡ್ರಿ" ಎಂದಳು ಅವ್ವ.

"ಓಡಿದ್ರ ಕೆಮ್ಮು ತಾನ ಹೋಗ್ತದ. ಇಷ್ಟ ಚಳಿಗೆ ಅಂಜಿದ್ರ ಹ್ಯಾಂಗ?" ಎಂದರು ಅಪ್ಪ.

ಅಕ್ಕ ಕತ್ತಿಗೆ ಕೆಂಪು ಮಫ್ಲರ್ ಸುತ್ತಿಕೊಂಡಳು. ಕ್ರೀಡಾಕೂಟ ಹತ್ತಿರ ಬಂದಿತ್ತು. ಓಡುವುದನ್ನು ಬಿಡಿಸಿಬಿಟ್ಟಾರೆಂದು ಅವಳಿಗೆ ಹೆದರಿಕೆ.

ಮೊದಲ ಸುತ್ತಿನಲ್ಲಿ ಅಕ್ಕ ಎಂದಿನಂತೆ ಮುಂದೆ ಹೋಗಿ ಮಂಜಿನಲ್ಲಿ ಕರಗಿಹೋದಳು. ಅವಳ ಕಾಲ ಸಪ್ಪಳ ಸ್ವಲ್ಪ ಹೊತ್ತು ಕೇಳಿಸಿತು. ಆಮೇಲೆ ಅದೂ ಇಲ್ಲ. ನಾನೂ ಅಪ್ಪನೂ ಒಂದು ಸುತ್ತು ಮುಗಿಸಿ ನಿಂತೆವು. ಅಷ್ಟರಲ್ಲಿ ಅವಳು ನಮ್ಮನ್ನು ದಾಟಿ ಹೋಗಬೇಕಿತ್ತು. ಅಪ್ಪ ಹೆಸರು ಹಿಡಿದು ಕೂಗಿದರು. ಉತ್ತರವಿಲ್ಲ. ಬಾತುಕೋಳಿಗಳೂ ಸುಮ್ಮನಿದ್ದವು.

ನಾವು ಬಂದ ದಾರಿಯಲ್ಲೇ ತಿರುಗಿ ಹೊರಟೆವು. ಮೊದಲು ಮಂಜಿನಲ್ಲಿ ನೋಡದೆ ದಾಟಿದ್ದ ಮೆಟ್ಟಿಲ ಹತ್ತಿರ ಬಂದಾಗ ನನಗೆ ಕೆಂಪಗೆ ಏನೋ ಕಂಡಿತು. ಅಕ್ಕನ ಮಫ್ಲರ್. ಒಂದು ತುದಿ ಕೊನೆಯ ಮೆಟ್ಟಿಲ ಮೇಲಿತ್ತು, ಇನ್ನೊಂದು ತುದಿ ನೀರಿನಲ್ಲಿ ತೇಲುತ್ತಿತ್ತು.

ಅಪ್ಪ ಬೂಟು ಬಿಚ್ಚಲಿಲ್ಲ, ಸ್ವೆಟರ್ ತೆಗೆಯಲಿಲ್ಲ. ಆ ಕೊರೆಯುವ ನೀರಿಗೆ ಹಾಗೆಯೇ ಇಳಿದುಬಿಟ್ಟರು. ಎದೆಮಟ್ಟ ನೀರಿನಲ್ಲಿ ನಿಂತು ಎರಡೂ ಕೈಗಳಿಂದ ನೀರಿನೊಳಗೆ ತಡಕಾಡುತ್ತಿದ್ದರು. ಮುಳುಗಿ ಎದ್ದರು, ಮತ್ತೆ ಮುಳುಗಿದರು. ನಾನು ಮೆಟ್ಟಿಲ ಮೇಲೆ ನಿಂತು "ಅಕ್ಕಾ, ಅಕ್ಕಾ" ಎಂದು ಅಳುತ್ತಿದ್ದೆ. ನನ್ನ ಅಪ್ಪನ ಮುಖ ಹಾಗೆ ಆಗಿದ್ದನ್ನು ಅದಕ್ಕೆ ಮೊದಲು ನಾನು ನೋಡಿರಲಿಲ್ಲ.

ಆಗ ಹಿಂದಿನಿಂದ ಒಂದು ಹೆಂಗಸಿನ ದನಿ ಕೇಳಿತು. "ಮೇಯೆ ಎಖಾನೆ, ಎಖಾನೆ ಆಛೆ." ಹುಡುಗಿ ಇಲ್ಲಿದ್ದಾಳೆ, ಇಲ್ಲಿದ್ದಾಳೆ ಎಂದು. ಮೆಟ್ಟಿಲ ಎದುರಿನ ಮನೆಯ ಮಾಶಿ ಮಂಜಿನೊಳಗಿಂದ ಓಡಿಬಂದು ಕೈ ಬೀಸುತ್ತಿದ್ದರು. ನಾವು ಮಕ್ಕಳು ಅವರನ್ನು ಮಾಶಿ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದೆವು. ಪಾತ್ರೆ ತೊಳೆಯಲು ಮೆಟ್ಟಿಲಿಗೆ ಬಂದಾಗ, ಉಸಿರಾಡಲಾಗದೆ ಮಫ್ಲರ್ ಕಿತ್ತೆಸೆದು ಕೂತಿದ್ದ ಅಕ್ಕನನ್ನು ಅವರು ನೋಡಿದ್ದರು. ಪಾತ್ರೆಗಳನ್ನು ಅಲ್ಲೇ ಬಿಟ್ಟು ಅವಳನ್ನು ಎತ್ತಿಕೊಂಡು ಒಳಗೆ ಹೋಗಿದ್ದರು.

ನಾವು ಒಳಗೆ ಹೋದಾಗ ಅಕ್ಕ ಮಂಚದ ಮೇಲೆ ಮುಂದಕ್ಕೆ ಬಾಗಿ ಕೂತಿದ್ದಳು. ಎದುರಿಗೆ ಹಬೆಯಾಡುವ ನೀರಿನ ಬೋಗುಣಿ. ತುಟಿ ಬಿಳಿಚಿತ್ತು, ಎದೆ ಸಿಳ್ಳೆ ಹಾಕುತ್ತಿತ್ತು. ಆದರೆ ಉಸಿರು ಆಡುತ್ತಿತ್ತು. ತಲೆಯಿಂದ ಕಾಲಿನವರೆಗೆ ನೀರು ಸುರಿಸುತ್ತ ನಿಂತ ಅಪ್ಪನನ್ನು ನೋಡಿ ಅವಳು ಒಂದೊಂದೇ ಪದ ಎಳೆದು ಹೇಳಿದಳು, "ಅಪ್ಪಾ, ನಿಮ್ಮ ಬೂಟು ತೊಯ್ದಾವು."

ಅಪ್ಪ ಹೊಸ್ತಿಲ ಮೇಲೆ ಕುಸಿದು ಕೂತರು. ನಗುತ್ತಿದ್ದಾರೋ ಅಳುತ್ತಿದ್ದಾರೋ ನನಗೆ ತಿಳಿಯಲಿಲ್ಲ. ಮಾಶಿ ತಮ್ಮ ಗಂಡನ ಧೋತಿ, ಶಾಲು ತಂದುಕೊಟ್ಟರು. ಮಾಶಿಯ ಗಂಡ ಕುಳ್ಳಗಿದ್ದವರು. ಅವರ ಧೋತಿ ಅಪ್ಪನ ಮೊಣಕಾಲಿನಿಂದ ಸ್ವಲ್ಪ ಕೆಳಗೆ ನಿಂತಿತು. ಅದೇ ವೇಷದಲ್ಲಿ ಅಪ್ಪ ಅಕ್ಕನನ್ನು ಹೆಗಲಿಗೆ ಹಾಕಿಕೊಂಡು ಮನೆಗೆ ಬಂದರು. ಅವ್ವ ಬಾಗಿಲಲ್ಲಿ ನೋಡಿ ಬೈಯಲಿಲ್ಲ. ಅಕ್ಕನನ್ನು ಇಸಿದುಕೊಂಡು ಒಳಗೆ ಹೋದಳು.

ಬಿಸಿಲು ಬಂದ ಮೇಲೆ ಎಲ್ಲರೂ ಓಣಿಯ ಕೊನೆಯ ಡಾಕ್ಟರ್ ಮನೆಗೆ ಹೋದೆವು. ಡಾಕ್ಟರು ಕೊಳವೆ ಇಟ್ಟು ಅಕ್ಕನ ಬೆನ್ನು, ಎದೆ ಎಲ್ಲ ಕೇಳಿಸಿಕೊಂಡರು. ಇದು ಉಬ್ಬಸ ಎಂದರು. ಎಷ್ಟು ಹೊತ್ತಿಗೆ ಓಡಿಸುತ್ತೀರಿ ಎಂದು ಹಿಂದಿಯಲ್ಲಿ ಕೇಳಿದರು. ಅಪ್ಪ ತಲೆ ತಗ್ಗಿಸಿ, ಸೂರ್ಯ ಹುಟ್ಟುವ ಮೊದಲು ಎಂದರು. ಅಕ್ಕ ನನ್ನ ಕೈಯನ್ನು ಬಿಗಿಯಾಗಿ ಹಿಡಿದಳು. ಇನ್ನು ಓಡಬಾರದು ಎಂದು ಡಾಕ್ಟರು ಹೇಳುತ್ತಾರೆ ಎಂದೇ ನಾವೆಲ್ಲ ಕಾದಿದ್ದೆವು.

ಅವರು ಹಾಗೆ ಹೇಳಲಿಲ್ಲ. ಔಷಧಿ ಕುಡಿದು ಕೆಲವು ದಿನ ಮಲಗಿರಲಿ, ಆಮೇಲೆ ಓಡಲಿ, ಓಟ ಬಿಡಿಸಬೇಡಿ, ಹೊತ್ತು ಬದಲಾಯಿಸಿ ಎಂದರು. ಬೆಳಿಗ್ಗೆ, ಸಂಜೆ ಒಲೆ ಹೊತ್ತಿಸುವಾಗ ಹೊಗೆ ಕೆಳಗೇ ಇರುತ್ತದೆ. ನಡು ಮಧ್ಯಾಹ್ನ ಕಳೆದ ಮೇಲೆ ಗಾಳಿ ಆಡುತ್ತದೆ, ಬಿಸಿಲೂ ಹಿತವಾಗಿರುತ್ತದೆ. ಈ ಊರಿನ ಚಳಿಗಾಲದಲ್ಲಿ ಈ ಹುಡುಗಿಗೆ ಅದೇ ಒಳ್ಳೆಯ ಹೊತ್ತು. ಬೇಸಿಗೆ ಬಂದರೆ ಮತ್ತೆ ಬೆಳಿಗ್ಗೆ ನೋಡೋಣ. ಇಷ್ಟೇ ಅವರು ಹೇಳಿದ್ದು. ಅಕ್ಕನ ಹಿಡಿತ ಸಡಿಲವಾಯಿತು. ನನ್ನ ಬೆರಳುಗಳಿಗೆ ರಕ್ತ ಹರಿದದ್ದು ಆಗಲೇ.

ಊಟವಾದ ಮೇಲೆ ತಾರಸಿಯಲ್ಲಿ ಚಾಪೆ ಹಾಸಿ ಎಲ್ಲರೂ ಬಿಸಿಲಿಗೆ ಕೂತೆವು. ಮಂಜು ಹರಿದು ಆಕಾಶ ತೊಳೆದಿಟ್ಟ ಹಾಗಿತ್ತು. ಅಪ್ಪ ಕಿತ್ತಳೆ ಸುಲಿದು ಒಂದೊಂದೇ ತೊಳೆಯನ್ನು ಅಕ್ಕನಿಗೆ ಕೊಡುತ್ತಿದ್ದರು. ಹಣ್ಣು ಮುಗಿದ ಮೇಲೆ ಹೇಳಿದರು, "ಖರೇ ಹೇಳ್ಲೇನು? ನನಗೂ ಮುಂಜಾನೆ ಏಳೂದು ಎಂದೂ ಸೇರಿಲ್ಲ. ನಮ್ಮಪ್ಪ ಚಾದರ ಎಳದು ಎಬ್ಬಸ್ತಿದ್ದ. ಮಕ್ಕಳನ್ನ ಬೆಳಸೂದು ಅಂದ್ರ ಹಂಗ ಅಂತ ತಿಳಕೊಂಡಿದ್ದೆ."

ಅವ್ವ ಅವರನ್ನೇ ನೋಡಿದಳು. "ಹಂಗಾದ್ರ ಇಷ್ಟ ದಿನ ನಾವೆಲ್ಲಾರೂ ಸುಮ್ಸುಮ್ಮನ ನಿದ್ದಿಗೆಟ್ಟಿವೇನು?" ಎಂದಳು.

ಮೊದಲು ನಕ್ಕವಳು ಅಕ್ಕ. ನಕ್ಕು ಕೆಮ್ಮಿದಳು. ಎಲ್ಲರೂ ಗಾಬರಿಯಿಂದ ಅವಳತ್ತ ತಿರುಗಿದೆವು. ಕೆಮ್ಮು ನಿಂತಿತು. ಆಮೇಲೆ ಎಲ್ಲರೂ ನಕ್ಕೆವು.

ಅಕ್ಕ ಚೇತರಿಸಿಕೊಂಡ ಮೇಲೆ ನಾವು ಶಾಲೆಯಿಂದ ಬಂದು, ಏನಾದರೂ ತಿಂದು, ಇಳಿಬಿಸಿಲಿನಲ್ಲಿ ಓಡುತ್ತಿದ್ದೆವು. ಅಪ್ಪ ಆಗ ಕಚೇರಿಯಲ್ಲಿರುತ್ತಿದ್ದರಿಂದ ಅವ್ವನೇ ಪುಕುರದ ಬದಿಯಲ್ಲಿ ಸ್ವೆಟರ್ ಹೆಣೆಯುತ್ತ ಕೂತು ನಮ್ಮನ್ನು ನೋಡಿಕೊಳ್ಳುತ್ತಿದ್ದಳು. ಓಣಿಯ ಒಲೆಗಳಿಗೆ ಬೆಂಕಿ ಬೀಳುವ ಮೊದಲೇ ಒಳಗೆ ಕರೆದುಕೊಂಡು ಬರುತ್ತಿದ್ದಳು. ಕ್ರೀಡಾಕೂಟದ ದಿನ ಅಪ್ಪ ರಜೆ ಹಾಕಿ ಬಂದರು. ಅಕ್ಕ ಎರಡನೆಯವಳಾಗಿ ಬಂದಳು. ಎಷ್ಟನೆಯವಳು ಎಂದು ಅಪ್ಪ ಕೇಳಲೇ ಇಲ್ಲ. ಓಡಿಹೋಗಿ ಅವಳ ಬೆನ್ನಿಗೆ ಕಿವಿ ಇಟ್ಟರು. ಸಿಳ್ಳೆ ಇರಲಿಲ್ಲ.

ಮಕ್ಕಳೇ, ಆ ಪುಕುರವನ್ನು ಮುಚ್ಚಿ ಎಷ್ಟೋ ಕಾಲವಾಯಿತು. ಉನುನ್ ಹೋಗಿ ಗ್ಯಾಸ್ ಬಂತು. ಅಕ್ಕ ಈಗ ಹುಬ್ಬಳ್ಳಿಯಲ್ಲಿದ್ದಾಳೆ, ಮಧ್ಯಾಹ್ನದ ನಿದ್ದೆ ಮುಗಿಸಿ ದಿನಾ ನಡೆಯಲು ಹೋಗುತ್ತಾಳೆ. ನಿಮ್ಮ ಅಪ್ಪ ಸೆಕ್ಟರ್ ಫೈವಿನ ಆಫೀಸಿನಿಂದ ಬಂದ ಮೇಲೆ ಜಿಮ್ಮಿಗೆ ಹೋಗುತ್ತಾನೆ. ನಿಮ್ಮ ಅಮ್ಮ ನೀವು ಏಳುವ ಮೊದಲೇ ಬಾಲ್ಕನಿಯಲ್ಲಿ ಯೋಗ ಮುಗಿಸಿರುತ್ತಾಳೆ. ಯಾರೂ ಯಾರ ಚಾದರವನ್ನೂ ಎಳೆಯುವುದಿಲ್ಲ.

ಊರಿಗೆ ಚಳಿಗಾಲದ ಹೊಗೆ ಇನ್ನೂ ತಪ್ಪಿಲ್ಲ. ಅದು ಈಗ ಒಲೆಯದ್ದಲ್ಲ, ವಾಹನಗಳದ್ದು, ಧೂಳಿನದ್ದು. ಆದರೆ ಇಂದಿನ ಗಾಳಿ ಹೇಗಿದೆ ಎಂದು ನೀವು ಬಾಗಿಲು ತೆಗೆಯುವ ಮೊದಲೇ ಮೊಬೈಲಿನಲ್ಲಿ ನೋಡುತ್ತೀರಿ. ಮೊನ್ನೆ ನಾನು ಬೆಳಿಗ್ಗೆಯೇ ಟೋಪಿ ಹಾಕಿಕೊಂಡು ಹೊರಟಾಗ ನಿಮ್ಮಲ್ಲಿ ಒಬ್ಬಳು ತಡೆದಳು. "ಅಜ್ಜಾ, ರುಕೋ. ಏರ್ ಬ್ಯಾಡ್ ಇದೆ. ಲಂಚ್ ಆದ್ಮೇಲೆ ಹೋಗೋಣ" ಎಂದಳು. ನಮ್ಮ ಮನೆಯಲ್ಲಿ ಆ ಮಾತು ಹೇಳುವ ಧೈರ್ಯ ಆಗ ಮಕ್ಕಳಿಗಿರಲಿಲ್ಲ. ನಾನು ಟೋಪಿ ತೆಗೆದಿಟ್ಟು ಕೂತೆ. ಊಟವಾದ ಮೇಲೆ ಬಿಸಿಲಿಗೆ ಮೂವರೂ ಕೆಳಗಿಳಿದೆವು. ನೀವಿಬ್ಬರೂ ಓಡಿದಿರಿ, ನಾನು ನಡೆದೆ.