ಚಹಾ ಪುಡಿ ಪೊಟ್ಟಣದ ಬಸವಣ್ಣ

ಮಗಳು ಒಂದನೇ ತರಗತಿಗೆ ಸೇರಿದ ವರ್ಷ ನಮ್ಮ ಮನೆಯಲ್ಲಿ ಚಹಾ ಕುಡಿಯುವುದು ಹೆಚ್ಚಾಯಿತು. ಚಹಾದ ಮೇಲೆ ಯಾರಿಗೂ ಹೊಸ ಪ್ರೀತಿ ಹುಟ್ಟಿರಲಿಲ್ಲ. ಪೊಟ್ಟಣದ ಬೆನ್ನಿಗೆ ಒಂದು ಕೂಪನ್ ಇರುತ್ತಿತ್ತು. ಇಪ್ಪತ್ತು ಕೂಪನ್ ಕೊಟ್ಟರೆ ಕ್ಲಿಪ್ಪಿನ ಮುಚ್ಚಳದ ಸ್ಟೀಲ್ ಡಬ್ಬಿ ಉಚಿತ.

ಡಬ್ಬಿ ನಮಗೆ ಬೇಕೇ ಇತ್ತು. ಮಗಳ ಅಲ್ಯೂಮಿನಿಯಂ ಡಬ್ಬಿಯ ಮುಚ್ಚಳ ಸಡಿಲವಾಗಿ, ಮೊಸರನ್ನದ ನೀರು ಚೀಲಕ್ಕೆಲ್ಲ ಇಳಿಯುತ್ತಿತ್ತು. ಪಕ್ಕದ ಹುಡುಗಿಯರು ಮೂಗು ಮುಚ್ಚಿಕೊಂಡರಂತೆ. ಅಂದಿನಿಂದ ಅವಳು ಶಾಲೆಯಲ್ಲಿ ಡಬ್ಬಿ ತೆಗೆಯುವುದನ್ನೇ ಬಿಟ್ಟಳು. ಬೆಳಿಗ್ಗೆ ತುಂಬಿ ಕಳಿಸಿದ್ದು ಸಂಜೆ ಹಾಗೇ ವಾಪಸು ಬರುತ್ತಿತ್ತು. ನಾನು ಬಳ್ಳಾರಿಯಲ್ಲೇ ಇನ್ನೊಂದು ಶಾಲೆಯ ಟೀಚರು. ಮಧ್ಯಾಹ್ನ ಬೇರೆಯವರ ಮಕ್ಕಳು ಉಂಡರೇ ಎಂದು ನೋಡುವುದು ನನ್ನ ಕೆಲಸ. ಆ ದಿನಗಳ ದಿನಚರಿಯಲ್ಲಿ ಪ್ರತಿ ಪುಟದ ಕೆಳಗೆ ಎರಡು ಸಾಲು ಇವೆ: ಕೂಪನ್ ಎಷ್ಟಾದವು, ಮಗಳು ಉಂಡಳೇ. ಮೊದಲನೆಯದು ಮೆಲ್ಲಗೆ ಏರುತ್ತದೆ. ಎರಡನೆಯದು ಬದಲಾಗುವುದಿಲ್ಲ.

ಅಂಗಡಿಯಲ್ಲಿ ಡಬ್ಬಿ ಕೊಂಡುಬಿಡೋಣ ಎಂದೆ. ನಮ್ಮ ಯಜಮಾನರು, "ಆಗಲೇ ಒಂಬತ್ತು ಕೂಡ್ಯಾವು. ಈಗ ರೊಕ್ಕ ಕೊಟ್ಟು ತಂದ್ರ ಮಂದಿ ನಗತಾರ" ಎಂದರು. ಹದಿನೈದಾದಾಗ ನಗುವ ಮಂದಿ ಇನ್ನೂ ಹೆಚ್ಚಾಗಿದ್ದರು. ಹಾಲಿನವನಿಗೂ ದಿನಕ್ಕೆ ಎರಡು ಸಲ ಚಹಾ ಕೊಟ್ಟೆವು.

ಕೂಪನ್ನುಗಳನ್ನು ಅಕ್ಕಿ ಡಬ್ಬದಲ್ಲಿ ಇಟ್ಟಿದ್ದೆ. ಒಂದು ಸೋಮವಾರ ಅಲ್ಲಿ ಇರಲಿಲ್ಲ. ಹುಡುಕಿದರೆ ದೇವರ ಜಗಲಿಯ ಮೇಲೆ ಸಾಲಾಗಿ ಕೂತಿದ್ದವು. ಪ್ರತಿಯೊಂದಕ್ಕೂ ವಿಭೂತಿ, ಮುಂದೆ ಒಂದೊಂದು ಹೂವು. ಕೂಪನ್ನಿನ ಮೇಲಿದ್ದ ಕಂಪನಿಯ ಗುರುತು ಒಂದು ಎತ್ತು: ಕಾಲು ಮಡಚಿ ಕೂತದ್ದು, ಕೊರಳಲ್ಲಿ ಹಾರ. ಅತ್ತೆಯ ತವರು ಕುರುಗೋಡು. ಊರ ಗುಡಿಯಲ್ಲಿ ಕೂತ ದೊಡ್ಡ ಕಲ್ಲಿನ ಬಸವಣ್ಣನನ್ನು ನೋಡುತ್ತಲೇ ಬೆಳೆದವರು.

"ಬಸವಣ್ಣನ್ನ ಅಕ್ಕಿ ಡಬ್ಬದಾಗ ಇಡತಾರೇನವಾ?" ಎಂದರು.

"ಅದು ಕಂಪನಿ ಎತ್ತು, ಅತ್ತಿ."

"ಎತ್ತಿಗೆ ಯಾರರ ಹಾರ ಹಾಕತಾರೇನು?"

"ಕಾರಹುಣ್ಣಿಮಿಗೆ ಹಾಕತಾರಲ್ರಿ."

"ಇವತ್ತು ಕಾರಹುಣ್ಣಿಮಿ ಅಲ್ಲ," ಎಂದು ಊದಿನಕಡ್ಡಿ ಹಚ್ಚಿದರು.

ಇಪ್ಪತ್ತೂ ಕೂಡಿದವು. ಕಿರಾಣಿ ಅಂಗಡಿಯವರು ಕೈ ಅಲ್ಲಾಡಿಸಿ, ಉಚಿತದ ಸಾಮಾನು ಸಿರುಗುಪ್ಪದ ಏಜೆಂಟರ ಹತ್ತಿರ ಮಾತ್ರ ಎಂದರು. ಪೊಟ್ಟಣದ ಮೇಲೆ ಅದನ್ನು ಬರೆದಿರಲಿಲ್ಲ. ರಜೆಯ ದಿನ ಮಗಳನ್ನು ಕರೆದುಕೊಂಡು ಹೊರಟೆ. ಬಸವಣ್ಣ ಎಲ್ಲಿಗೆ ಹೋಗುತ್ತಾನೋ ನೋಡಬೇಕೆಂದು ಅತ್ತೆಯೂ ಬಂದರು. ಬಟ್ಟೆಯಲ್ಲಿ ಗಂಟು ಕಟ್ಟಿದ ಕೂಪನ್ನುಗಳು ಅವರ ಮಡಿಲಲ್ಲೇ ಪ್ರಯಾಣ ಮಾಡಿದವು. ದಾರಿಯ ನಡುವೆ ಮೋಕಾ ಊರಿನಲ್ಲಿ ಬಸ್ಸು ತುಂಬಿದ ಮೇಲೂ ಮಡಿಲಿಗೆ ಯಾರ ಮೊಣಕೈಯೂ ತಾಗದಂತೆ ನೋಡಿಕೊಂಡರು.

ಏಜೆಂಟರು ಊಟಕ್ಕೆ ಹೋಗಿದ್ದರು. ಅಂಗಡಿಯ ಕಟ್ಟೆಯ ಮೇಲೆ ಕಾದೆವು. ಹಸಿವಾಗಿ ಮಗಳು ತನ್ನ ಡಬ್ಬಿ ತೆಗೆದಳು. ಚೀಲದ ತಳ ಒದ್ದೆಯಾಗಿತ್ತು. ಕಟ್ಟೆಯ ಮೇಲೆ ಬೇರೆಯವರೂ ಕೂತಿದ್ದರು. ಅವರ ಮುಖ ನೋಡಿ ಮುಚ್ಚಳ ಹಾಕಿದಳು.

"ಉಣ್ಣವಾ," ಎಂದರು ಅತ್ತೆ.

"ಹಸಿವಿಲ್ಲಜ್ಜಿ."

ಅವಳು ಉಣ್ಣದೇ ಡಬ್ಬಿ ಮುಚ್ಚುವುದನ್ನು ಅತ್ತೆ ಕಣ್ಣಾರೆ ನೋಡಿದ್ದು ಅದೇ ಮೊದಲು.

ಏಜೆಂಟರು ಬಂದು ಗಂಟು ಬಿಚ್ಚಿದರು. ವಿಭೂತಿ ಕಂಡು ಕಾಲಿನ ಚಪ್ಪಲಿ ಬಿಟ್ಟರು.

"ಪೂಜಿ ಆಗ್ಯಾವೇನ್ರಿ?"

"ದಿನಾ ಆಗ್ಯಾವು," ಎಂದರು ಅತ್ತೆ.

"ಇವನ್ನ ನಿಮ್ಮ ಮುಂದ ಅರ್ಧಕ್ಕ ಹರದು ಕಂಪನಿಗೆ ಕಳಸಬೇಕ್ರಿ. ಹರೀಲಿಲ್ಲಂದ್ರ ಡಬ್ಬಿ ಕೊಡಾಕ ಬರಂಗಿಲ್ಲ." ಒಂದನ್ನು ಎರಡು ಕೈಯಲ್ಲಿ ಹಿಡಿದು ಮತ್ತೆ ಕೆಳಗಿಟ್ಟರು. "ನನ್ನ ಕೈಲಿ ಆಗಂಗಿಲ್ರಿ ಅಮ್ಮಾರ. ಅಕ್ಕಾರ, ನೀವು ಹರೀರಿ."

ಅದು ಎತ್ತು ಎಂದು ವಾದಿಸಿದ್ದವಳು ನಾನು. ಕೈಗೆ ತೆಗೆದುಕೊಂಡೆ. ವಿಭೂತಿ ಬೆರಳಿಗೆ ಹತ್ತಿತು. ಹರಿಯಲಾಗಲಿಲ್ಲ. ಒಳಗೆ ಕಪಾಟಿನಲ್ಲಿ ಡಬ್ಬಿಗಳು ಕಾಣುತ್ತಿದ್ದವು. ಮಗಳು ಅವನ್ನೇ ನೋಡುತ್ತಿದ್ದಳು.

"ಉತ್ತರ ಯಾವ ಕಡಿಗ್ರಿ?" ಎಂದು ಅತ್ತೆ ಕೇಳಿದರು.

ಏಜೆಂಟರು ಸಕ್ಕರೆ ಮೂಟೆಗಳ ಕಡೆ ಕೈ ತೋರಿಸಿದರು. ಅತ್ತೆ ನೀರು ತರಿಸಿ ಕೈ ತೊಳೆದು, ಹಬ್ಬ ಮುಗಿದ ಮೇಲೆ ದೇವರನ್ನು ಕಳಿಸಲು ಕಳಸವನ್ನು ಉತ್ತರಕ್ಕೆ ಕದಲಿಸುವಂತೆ, ಕೂಪನ್ನಿನ ಕಟ್ಟನ್ನು ಸಕ್ಕರೆ ಮೂಟೆಯ ಕಡೆಗೆ ಒಂದು ಬೆರಳಿನಷ್ಟು ಸರಿಸಿದರು. ಕೈ ಮುಗಿದು, ಸೆರಗಿನಿಂದ ಒಂದೊಂದರ ವಿಭೂತಿ ಒರೆಸಿದರು.

"ಬಸವಣ್ಣ ಕುರುಗೋಡಿಗೆ ಹೋದ. ಇದು ನಿಮ್ಮ ಕಂಪನಿ ಎತ್ತು. ಹರೀರಿ."

"ಪಕ್ಕಾ ಹೋದನೇನ್ರಿ?"

"ನಾ ಕಳಿಸೀನಿ. ಹರೀರಿ, ಕೂಸು ಹಸದೈತಿ."

ಏಜೆಂಟರು ಹರಿದರು. ಡಬ್ಬಿ ಕೊಟ್ಟರು. ಒಳ್ಳೆಯ ಡಬ್ಬಿ, ಕ್ಲಿಪ್ಪು ಟಕ್ಕೆಂದು ಕೂಡುತ್ತಿತ್ತು. ಮುಚ್ಚಳದ ಮೇಲೆ, ಅಂಗೈ ಅಗಲಕ್ಕೆ, ಕಾಲು ಮಡಚಿ ಕೂತ ಎತ್ತಿನ ಅಚ್ಚಿತ್ತು. ಕೊರಳಲ್ಲಿ ಹಾರ.

ನಾನು ಅತ್ತೆಯ ಮುಖ ನೋಡಿದೆ. ಏಜೆಂಟರೂ ನೋಡಿದರು. ಅತ್ತೆ ಮುಚ್ಚಳವನ್ನು ಬೆಳಕಿಗೆ ಹಿಡಿದು ಸಾಕಷ್ಟು ಹೊತ್ತು ನೋಡಿ, ಕಟ್ಟೆಯ ಮೇಲೆ ಕೂತು, ಹಳೆಯ ಡಬ್ಬಿಯ ಅನ್ನವನ್ನು ಹೊಸದಕ್ಕೆ ಹಾಕಿ ಮೊಮ್ಮಗಳ ಮುಂದಿಟ್ಟರು. ಅವಳು ಅಲ್ಲೇ ಉಂಡಳು.

ಮರುದಿನದಿಂದ ದಿನಚರಿಯ ಎರಡನೇ ಸಾಲು ಬದಲಾಗಿದೆ. ಸೋಮವಾರಗಳಂದು ಮಾತ್ರ ಮಗಳು ಹಳೆಯ ಡಬ್ಬಿಯಲ್ಲಿ ಒಗ್ಗರಣೆ ಅವಲಕ್ಕಿ ಒಯ್ಯುತ್ತಿದ್ದಳು. ಸೋಮವಾರ ಸ್ಟೀಲ್ ಡಬ್ಬಿ ಜಗಲಿಯ ಮೇಲೆ ಇರುತ್ತಿತ್ತು.