ಒಂದೂವರೆ ತಾಸಿನ ಹಸಿವು

ಕಮಲಾಪುರದ ಪುತಳಾಬಾಯಿಯ ಮನೆಯಲ್ಲಿ ಎರಡು ಗಡಿಯಾರಗಳಿದ್ದವು. ಗೋಡೆಯ ಮೇಲಿನದು ಊರಿನ ಹೊತ್ತು ತೋರಿಸುತ್ತಿತ್ತು. ಗೂಡಿನಲ್ಲಿದ್ದ ಅಲಾರಂ ಗಡಿಯಾರ ಒಂದೂವರೆ ತಾಸು ಹಿಂದೆ ನಡೆಯುತ್ತಿತ್ತು. ಕೆಟ್ಟಿದ್ದಕ್ಕಲ್ಲ, ಬೇಕೆಂದೇ. ಅದು ಮಸ್ಕತ್ತಿನ ಹೊತ್ತು. ೧೯೮೯ರಲ್ಲಿ ಗಂಡ ಅಮೋಘಪ್ಪ ಲೇತ್ ಮಶಿನ್ ಕೆಲಸಕ್ಕೆಂದು ಅಲ್ಲಿಗೆ ಹೊರಟಾಗ ತಾನೇ ಮುಳ್ಳು ತಿರುವಿ ಇಟ್ಟು ಹೋಗಿದ್ದ.

ಗಂಡ ಉಣ್ಣುವ ಮೊದಲು ಹೆಂಡತಿ ಉಣ್ಣಬಾರದು ಎಂದು ಅವಳ ತಾಯಿ ಕಲಿಸಿದ್ದಳು. ಗಂಡ ಕಡಲಾಚೆ ಇದ್ದರೆ ಏನು ಮಾಡಬೇಕೆಂದು ಪಾಪ, ಆ ತಾಯಿಗೂ ಗೊತ್ತಿರಲಿಲ್ಲ. ಪುತಳಾಬಾಯಿ ತಾನೇ ಯೋಚಿಸಿ ದಾರಿ ಕಂಡುಕೊಂಡಳು. ಅವನು ಅಲ್ಲಿ ಒಂದಕ್ಕೆ ಉಣ್ಣುತ್ತಾನೆ, ಆಗ ಇಲ್ಲಿ ಎರಡೂವರೆ. ಓಣಿಯವರೆಲ್ಲ ಉಂಡು, ಒಂದು ನಿದ್ದೆ ತೆಗೆಯುವ ಹೊತ್ತಿಗೆ ಇವಳು ಸೆಟೆದ ರೊಟ್ಟಿಯ ಮುಂದೆ ಕೂಡುತ್ತಿದ್ದಳು.

“ನಿನ್ನ ಹೊಟ್ಟಿಗೂ ಪಾಸ್‌ಪೋರ್ಟ್ ಮಾಡಸ್ಯಾರೇನ?” ಎಂದು ನೆರೆಮನೆಯ ಅನ್ನಮ್ಮ ಕಾಡುತ್ತಿದ್ದಳು.

ಪುತಳಾಬಾಯಿಗೆ ಅದರಲ್ಲೂ ಒಂದು ಜಂಬ. ಮೊದಮೊದಲು ಬಂದ ಪತ್ರಗಳಿಂದ ಮಸ್ಕತ್ತು ಅವಳಿಗೆ ಬಾಯಿಪಾಠ. ಅಲ್ಲಿ ಮಧ್ಯಾಹ್ನ ಅಂಗಡಿ ಮುಚ್ಚಿ ಸಂಜೆ ತೆರೆಯುತ್ತಾರೆ, ಶುಕ್ರವಾರ ಸೂಟಿ, ರಸ್ತೆಯಲ್ಲಿ ಯಾರೂ ಯಾರನ್ನೂ ತಡೆದು ಮಾತಾಡಿಸುವುದಿಲ್ಲ. ನಮ್ಮ ಕಮಲಾಪುರದಲ್ಲೋ, ಬಸ್ ಸ್ಟ್ಯಾಂಡ್ ಮುಟ್ಟುವಷ್ಟರಲ್ಲಿ ಹತ್ತು ಮಂದಿ ಎಲ್ಲಿಗೆ, ಯಾಕೆ ಎಂದು ಕೇಳುತ್ತಾರೆ. ಕೆಂಪು ಬಾಳೆಹಣ್ಣು ಮಾರುವವಳು ಬಸ್ಸಿನ ಡ್ರೈವರನನ್ನೇ ಮಾತಿಗೆಳೆದು ಕಾಲು ತಾಸು ನಿಲ್ಲಿಸುತ್ತಾಳೆ. ಇಂಥ ಊರಲ್ಲಿ ಯಾವ ಗುಟ್ಟೂ ನಿಲ್ಲದು ಎಂದು ಅವಳು ನಂಬಿದ್ದಳು.

ಪತ್ರಗಳು ನಿಂತು ಎರಡು ವರ್ಷವಾಗಿತ್ತು. ಫೋನ್ ಇರುವಾಗ ಪತ್ರ ಯಾಕೆ ಎಂದಿದ್ದ ಅಮೋಘಪ್ಪ. ಪ್ರತಿ ಶುಕ್ರವಾರ ಮಧ್ಯಾಹ್ನ, ಅವನ ಶಾಲೆಯ ಗೆಳೆಯ ಫಕ್ರುದ್ದೀನನ ಎಸ್‌ಟಿಡಿ ಅಂಗಡಿಗೆ ಕರೆ ಬರುತ್ತಿತ್ತು. ೧೯೯೫ರ ಬೇಸಿಗೆಯ ಒಂದು ಶುಕ್ರವಾರ ಅವಳು ಎಂದಿನಂತೆ ಕೇಳಿದಳು.

“ಊಟ ಆಯ್ತೇನ್ರಿ?”

“ಈಗೇ ಆಯ್ತು. ಒಂದೂ ಕಾಲು ಆಗ್ಯಾದಲ್ಲ, ಕೆಲಸಕ್ಕ ಹೋಗಬೇಕು.”

ಪುತಳಾಬಾಯಿ ಅಂಗಡಿಯ ಗಡಿಯಾರ ನೋಡಿದಳು. ಒಂದೂ ಕಾಲು. ಮಸ್ಕತ್ತಿನಲ್ಲಿ ಹನ್ನೊಂದೂ ಮುಕ್ಕಾಲು ಆಗಿರಬೇಕು. ಅದೂ ಶುಕ್ರವಾರ, ಎಂಥ ಕೆಲಸ? ಅವಳು ರಿಸೀವರ್ ಇಟ್ಟಳು.

“ಫಕ್ರುಭಾಯಿ, ಇವ್ರು ಎಲ್ಲಿಂದ ಮಾತಾಡ್ಲಾಕತ್ತಾರ?”

ಫಕ್ರುದ್ದೀನ್ ಒರೆಸಿದ ಟೇಬಲ್ಲನ್ನೇ ಮತ್ತೆ ಒರೆಸಿದ. “ವೈನಿ, ನನ್ನ ಕಡಿಂದ ಆಣಿ ಮಾಡಿಸ್ಕೊಂಡಾನ.”

“ಎಲ್ಲಿಂದ?”

“ಕಪನೂರದಿಂದ. ಅಲ್ಲೇ ಒಂದು ಲೇತ್ ಶೆಡ್ಡಿನಾಗ ದುಡೀತಾನ. ಮಸ್ಕತ್ತಿನ ನೌಕರಿ ಹೋಗಿ ಎರಡು ವರ್ಷ ಆಯ್ತು. ಖಾಲಿ ಕೈಲೆ ಬಂದೀನಿ ಅಂದ್ರ ಊರಾಗ ಮರ್ಯಾದಿ ಉಳಿಯಂಗಿಲ್ಲ ಅಂತಾನ.”

ಮರ್ಯಾದೆಯಂತೆ! ಮರ್ಯಾದೆ ಅವನದು, ಹಸಿವು ಇವಳದು. ಕಲಬುರಗಿಯ ಅಂಚಿನ ಕಪನೂರ ಎಷ್ಟು ದೂರ? ಬಸ್ಸಿನಲ್ಲಿ ಒಂದು ತಾಸು. ಶರಣಬಸವೇಶ್ವರನ ಗುಡಿಗೆ ಹೋದಾಗಲೆಲ್ಲ ಅವಳ ಬಸ್ಸು ಅಲ್ಲಿನ ಕಾರ್ಖಾನೆಗಳ ಮುಂದೆಯೇ ಹಾದುಹೋಗಿತ್ತು. ಗಂಡನನ್ನು ಸುಖವಾಗಿಡಪ್ಪಾ ಎಂದು ಬೇಡಲು ಗಂಡನ ಮುಂದಿನಿಂದಲೇ ಹೋಗಿಬಂದಿದ್ದಳು.

ಮರುದಿನ ಕಪನೂರದಲ್ಲಿ ಇಳಿದಾಗ ಸರಿಯಾಗಿ ಒಂದು ಗಂಟೆ. ಶೆಡ್ಡಿನ ಹೊರಗೆ ಬೇವಿನ ನೆರಳಲ್ಲಿ ಅಮೋಘಪ್ಪ ಡಬ್ಬಿ ಬಿಚ್ಚಿ, ಜೊತೆಯವರ ಸಂಗಡ ನಗುತ್ತ ಉಣ್ಣುತ್ತಿದ್ದ. ಇನ್ನೊಬ್ಬ ಹೆಣ್ಣು ಇದ್ದಿದ್ದರೆ ಜಗಳವಾದರೂ ಆಡಬಹುದಿತ್ತು. ಅವನು ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದ, ಅಷ್ಟೇ. ಅದನ್ನೇ ಅವಳಿಗೆ ತಡೆಯಲಾಗಲಿಲ್ಲ. ಇಷ್ಟು ದಿನ ತನ್ನನ್ನು ಹಸಿವಿನಲ್ಲಿ ಕೂಡಿಸಿದನಲ್ಲ!

ಅವನು ತಲೆಯೆತ್ತಿ ಅವಳನ್ನು ಕಂಡ. ತುತ್ತು ಕೈಯಲ್ಲೇ ನಿಂತಿತು.

“ಉಣ್ರಿ, ಉಣ್ರಿ,” ಎಂದಳು. “ನಾಳಿ ಮನಿಗಿ ಬರ್ರಿ.”

ಅವನು ಬಂದ, ಹಾಡಹಗಲು, ಓಣಿಯೆಲ್ಲ ನೋಡುವಂತೆ. ತಪ್ಪಾಯಿತು, ನಾಚಿಕೆಯಾಗಿತ್ತು ಎಂದೆಲ್ಲ ಹೇಳಿದ. ಅವಳು ರೊಟ್ಟಿ ಬಡಿಯುತ್ತಲೇ ಇದ್ದಳು. ಗೋಡೆಯ ಗಡಿಯಾರದಲ್ಲಿ ಒಂದಾಯಿತು. ಅವನು ಕೈ ತೊಳೆದು ಬಂದು ಕೂತ. ಪುತಳಾಬಾಯಿ ಒಂದೇ ತಾಟಿಗೆ ಪುಂಡಿಪಲ್ಯ ಬಡಿಸಿ, ತನ್ನ ಮುಂದೆ ಇಟ್ಟುಕೊಂಡಳು.

“ನಂದು?” ಎಂದ ಅಮೋಘಪ್ಪ.

ಅವಳು ಗೂಡಿನ ಗಡಿಯಾರದ ಕಡೆ ಗದ್ದ ಎತ್ತಿ ತೋರಿಸಿದಳು. “ನಿಮ್ಮ ಊರಾಗ ಇನ್ನಾ ಹನ್ನೊಂದೂವರಿ ಆಗ್ಯಾದ. ಕೂಡ್ರಿ.”

ಆರು ವರ್ಷಗಳಲ್ಲಿ ಮೊದಲ ಸಲ ಅವಳು ಬಿಸಿ ರೊಟ್ಟಿ ಮುರಿದಳು.